ಅಂಗಡಿ ಬ್ರ್ಯಾಂಡ್ ಲೋಷನ್ನೋ, ದೊಡ್ಡ ಕಂಪನಿಯದ್ದೋ? ನಾನು ಹೋಲಿಸಿ ನೋಡುವ ರೀತಿ

ಅಮ್ಮ ಮೊದಲ ಸಲ ಅಮೆರಿಕದ ಮಿನಿಯಾಪೊಲಿಸ್‌ಗೆ, ನಮ್ಮ ಮನೆಗೆ ಬಂದಿದ್ದು ಡಿಸೆಂಬರ್‌ನಲ್ಲಿ. ಹತ್ತು ದಿನ ಕಳೆದಿರಬೇಕು. ಒಂದು ಸಂಜೆ ಸೀರೆ ಸ್ವಲ್ಪ ಮೇಲೆತ್ತಿ, ಮೊಣಕಾಲ ಕೆಳಗೆ ಉಗುರಿನಿಂದ ಒಂದು ಗೆರೆ ಎಳೆದು ತೋರಿಸಿದರು. "ನೋಡೇ, ಸೀಮೆಸುಣ್ಣದಲ್ಲಿ ಬರೆದ ಹಾಗಿದೆ" ಅಂದರು. ನಿಜವಾಗಿಯೂ ಹಾಗೇ ಇತ್ತು. ಹಿಮ್ಮಡಿಯ ಬಿರುಕು ಕಾಲುಚೀಲಕ್ಕೆ ಸಿಕ್ಕಿಹಾಕಿಕೊಳ್ಳುತ್ತಿತ್ತು. ಶಿವಮೊಗ್ಗದಿಂದ ತಂದ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಬಿಳಿ ಕಲ್ಲಾಗಿ ಕೂತಿತ್ತು. ಅದು ಕರಗೋಕೆ ಹೆಚ್ಚುಕಡಿಮೆ 24 ಡಿಗ್ರಿ ಸೆಲ್ಸಿಯಸ್ ಬೇಕು, ನಮ್ಮ ಮನೆ ಹೀಟರ್ ಇರುವುದು 20ಕ್ಕೆ.

ಮಾರನೇ ದಿನ ಇಬ್ಬರೂ ಲೋಷನ್ ತರಲು ಹೋದೆವು. ಒಂದು ಗೋಡೆ ಪೂರ್ತಿ ಬಾಟಲಿಗಳು. ಇಲ್ಲಿನ ದೊಡ್ಡ ಅಂಗಡಿಗಳಿಗೆಲ್ಲ ತಮ್ಮದೇ ಬ್ರ್ಯಾಂಡ್ ಇರುತ್ತದೆ. ವಾಲ್‌ಮಾರ್ಟ್‌ನದ್ದು ಈಕ್ವೇಟ್, ಟಾರ್ಗೆಟ್‌ನದ್ದು ಅಪ್ ಅಂಡ್ ಅಪ್. ಅವು ಬೇಕಂತಲೇ ಹೆಸರಾಂತ ಲೋಷನ್ನಿನ ಪಕ್ಕದಲ್ಲೇ ಇರುತ್ತವೆ. ಬಾಟಲಿಯ ಆಕಾರ, ಮುಚ್ಚಳದ ಬಣ್ಣ ಎಲ್ಲ ಒಂದೇ ಥರ. "ಕಡಿಮೆ ಬೆಲೆಯದ್ದು ನಕಲಿ ಇರಬಹುದೇನೇ?" ಅಂತ ಅಮ್ಮ ಕೇಳಿದರು. ಹೊಸದಾಗಿ ಬಂದ ಸ್ನೇಹಿತರೆಲ್ಲ ನನ್ನನ್ನು ಇದನ್ನೇ ಕೇಳುತ್ತಾರೆ. ನಕಲಿ ಅಲ್ಲ. ಹಾಗಂತ ಕಣ್ಣುಮುಚ್ಚಿ ತಗೊಳ್ಳೋದೂ ಬೇಡ. ಅವತ್ತಿನಿಂದ ನಾನು ಹೀಗೆ ನೋಡುತ್ತೇನೆ.

ಮೊದಲು ಬಾಟಲಿಯ ಮುಂಭಾಗ ಓದಿ. ಎಷ್ಟೋ ಅಂಗಡಿ ಬ್ರ್ಯಾಂಡ್‌ಗಳ ಮೇಲೆ "ಕಂಪೇರ್ ಟು" ಅಂತ ಹಾಕಿ ಆ ದೊಡ್ಡ ಕಂಪನಿಯ ಹೆಸರು ಬರೆದಿರುತ್ತಾರೆ. ಅಂದರೆ ಅದರ ಜೊತೆ ಹೋಲಿಸಿ ನೋಡಿ ಅಂತ ಅಷ್ಟೇ. ಎರಡೂ ಒಂದೇ ಫ್ಯಾಕ್ಟರಿಯದ್ದು ಅಂತ ಅರ್ಥ ಅಲ್ಲ. ಹಿಂದೆ ತಿರುಗಿಸಿದರೆ ಇರುವೆ ಸಾಲಿನಂಥ ಅಕ್ಷರದಲ್ಲಿ, ಇದನ್ನು ಆ ಹೆಸರಿನ ಒಡೆಯರು ತಯಾರಿಸಿಲ್ಲ, ವಿತರಿಸಿಯೂ ಇಲ್ಲ ಅಂತ ಎಷ್ಟೋ ಸಲ ಬರೆದಿರುತ್ತದೆ. ನಾನು ಫೋನಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ಓದುತ್ತೇನೆ. ಎರಡೂ ಬಾಟಲಿಯ ಹಿಂಭಾಗದ ಫೋಟೊ ತೆಗೆದುಕೊಂಡರೆ ಮನೆಯಲ್ಲಿ ಕೂತು ನಿಧಾನವಾಗಿ ಹೋಲಿಸಬಹುದು.

ಅಸಲಿ ವಿಷಯ ಇರುವುದು ಆ ಹಿಂಭಾಗದ ಪಟ್ಟಿಯಲ್ಲೇ. ಯಾವುದು ಜಾಸ್ತಿ ಇದೆಯೋ ಅದನ್ನು ಮೊದಲು ಬರೆಯಬೇಕು ಅನ್ನೋದು ನಿಯಮ. ಸಾಮಾನ್ಯವಾಗಿ ಮೊದಲಿಗೆ ನೀರು ಬರುತ್ತದೆ. ಅದರ ನಂತರದ ನಾಲ್ಕೈದು ಹೆಸರು ಗಮನವಿಟ್ಟು ನೋಡಿ. ಲೋಷನ್ನಿನಲ್ಲಿ ಎರಡು ಕೆಲಸ ಆಗಬೇಕು. ಚರ್ಮಕ್ಕೆ ನೀರು ಎಳೆದುಕೊಡುವುದು ಒಂದು. ಅದನ್ನು ಗ್ಲಿಸರಿನ್, ಯೂರಿಯಾ, ಲ್ಯಾಕ್ಟಿಕ್ ಆಸಿಡ್ ಮಾಡುತ್ತವೆ. ಆ ನೀರು ಆರಿಹೋಗದ ಹಾಗೆ ಮೇಲೊಂದು ಹೊದಿಕೆ ಹಾಕುವುದು ಇನ್ನೊಂದು. ಅದು ಪೆಟ್ರೊಲೇಟಮ್, ಮಿನರಲ್ ಆಯಿಲ್, ಡೈಮೆಥಿಕೋನ್‌ಗಳ ಕೆಲಸ. ಸೀಟೈಲ್ ಆಲ್ಕೊಹಾಲ್ ಅಂತ ಕಂಡರೆ ಗಾಬರಿ ಬೇಡ. ಅದು ಮೇಣದಂಥ ಪದಾರ್ಥ, ಸ್ಪಿರಿಟ್ಟಿನ ಹಾಗೆ ಚರ್ಮ ಒಣಗಿಸುವುದಿಲ್ಲ.

ಎರಡು ಪಟ್ಟಿಯಲ್ಲೂ ಈ ಮೊದಲ ಹೆಸರುಗಳು ಹೆಚ್ಚುಕಡಿಮೆ ಅದೇ ಸಾಲಿನಲ್ಲಿ ಬಂದರೆ, ನಾನು ಅಂಗಡಿಯದ್ದನ್ನೇ ಬುಟ್ಟಿಗೆ ಹಾಕುತ್ತೇನೆ. ದೊಡ್ಡ ಕಂಪನಿಯದ್ದರಲ್ಲಿ ಗ್ಲಿಸರಿನ್ ಎರಡನೆಯದಾಗಿ ಇದ್ದು, ಅಂಗಡಿಯದ್ದರಲ್ಲಿ ಏಳನೆಯದಕ್ಕೆ ಇಳಿದಿದ್ದರೆ ಬೇಡ.

ಪಟ್ಟಿಯಲ್ಲಿ ಫೆನಾಕ್ಸಿಎಥನಾಲ್ ಅನ್ನೋ ಹೆಸರು ಹುಡುಕಿ. ಲೋಷನ್ ಕೆಡದ ಹಾಗೆ ಹಾಕುವ ಪದಾರ್ಥ ಅದು. ಸಾಮಾನ್ಯವಾಗಿ 1%ಗಿಂತ ಜಾಸ್ತಿ ಹಾಕುವುದಿಲ್ಲ. ಹಾಗಾಗಿ ಅದರ ನಂತರ ಬರುವುದೆಲ್ಲ ಹೆಚ್ಚಾಗಿ ಚಿಟಿಕೆಯಷ್ಟೇ. 1%ಗಿಂತ ಕಡಿಮೆ ಇರುವುದನ್ನು ಯಾವ ಕ್ರಮದಲ್ಲಿ ಬೇಕಾದರೂ ಬರೆಯಬಹುದು. ಮುಂಭಾಗದಲ್ಲಿ ಲೋಳೆಸರದ ದೊಡ್ಡ ಚಿತ್ರ ಇದ್ದು, ಪಟ್ಟಿಯಲ್ಲಿ ಅದರ ಹೆಸರು ಫೆನಾಕ್ಸಿಎಥನಾಲ್‌ಗಿಂತ ಕೆಳಗೆ ಇದ್ದರೆ, ಆ ಚಿತ್ರಕ್ಕೆ ದುಡ್ಡು ಕೊಡಬೇಡಿ. ಸೆರಮೈಡ್‌ಗಳ (ಚರ್ಮದಲ್ಲೇ ಇರುವಂಥ ಕೊಬ್ಬಿನ ಪದಾರ್ಥ) ವಿಷಯ ಬೇರೆ. ಅವನ್ನು ಹಾಕುವುದೇ ಸ್ವಲ್ಪ, ಕೆಳಗಿದ್ದ ಮಾತ್ರಕ್ಕೆ ತೆಗೆದುಹಾಕಬೇಡಿ.

ಕೆಲವು ಬಾಟಲಿಗಳ ಹಿಂದೆ "ಡ್ರಗ್ ಫ್ಯಾಕ್ಟ್ಸ್", ಅಂದರೆ ಔಷಧದ ವಿವರ, ಅಂತ ಒಂದು ಚೌಕ ಇರುತ್ತದೆ. ಓಟ್ಸ್ ಪುಡಿ ಇರುವ ಲೋಷನ್, ಡೈಮೆಥಿಕೋನ್ ಮುಖ್ಯವಾಗಿರುವ ಲೋಷನ್ ಮುಂತಾದವುಗಳಲ್ಲಿ ಇದು ಸಿಗುತ್ತದೆ. ಇಲ್ಲಿ ಮುಖ್ಯ ಪದಾರ್ಥ ಶೇಕಡಾ ಎಷ್ಟು ಅಂತ ಅಂಕಿ ಹಾಕಿರುತ್ತಾರೆ. ಎರಡರಲ್ಲೂ ಅಂಕಿ ಒಂದೇ ಇದೆಯಾ ನೋಡಿ. ಊಹೆ ಮಾಡೋದು ತಪ್ಪುತ್ತದೆ.

ವಾಸನೆಯ ವಿಷಯದಲ್ಲಿ ಮಾತ್ರ ನಾನು ತುಂಬಾ ಕಟ್ಟುನಿಟ್ಟು. ಅದಕ್ಕೆ ಕಾರಣ ಇದೆ. ಮಗಳಿಗೆ ನಾಲ್ಕು ವರ್ಷ ಇದ್ದಾಗ "ಅನ್‌ಸೆಂಟೆಡ್" ಅಂತ ಬರೆದಿದ್ದ ಒಂದು ಲೋಷನ್ ಹಚ್ಚಿದೆ. ರಾತ್ರಿಯಿಡೀ ಮೊಣಕೈ ಮಡಿಕೆ ಕೆರೆದುಕೊಂಡು, ಬೆಳಿಗ್ಗೆ ನೋಡಿದರೆ ಕೆಂಪಗೆ ಗುಳ್ಳೆ ಎದ್ದಿದ್ದವು. ಪಟ್ಟಿ ಓದಿದರೆ ಕೊನೆಯಲ್ಲಿ "ಫ್ರೇಗ್ರೆನ್ಸ್" ಇತ್ತು. ಅನ್‌ಸೆಂಟೆಡ್ ಅಂದರೆ ಮೂಗಿಗೆ ವಾಸನೆ ತಿಳಿಯದು ಅಂತ ಅಷ್ಟೇ. ಬೇರೆ ವಾಸನೆ ಮುಚ್ಚೋಕೆ ಸುಗಂಧ ಹಾಕಿರಬಹುದು. ನಿಮಗೆ ಬೇಕಾದದ್ದು "ಫ್ರೇಗ್ರೆನ್ಸ್ ಫ್ರೀ". ಅದು ಬರೆದಿದ್ದರೂ ಪಟ್ಟಿಯ ಕೊನೆ ಸಾಲು ಓದಿಯೇ ಬಿಡಿ. ಮಕ್ಕಳಿಗೆ ಎಕ್ಸಿಮಾ (ಚರ್ಮ ಒಣಗಿ ಕೆರೆಯುವ ಕಾಯಿಲೆ) ಇದ್ದು, ಡಾಕ್ಟರ್ ಇಂಥದ್ದೇ ಹಚ್ಚಿ ಅಂತ ಹೇಳಿದ್ದರೆ ಅದನ್ನೇ ಹಚ್ಚಿ. ಬದಲಿಸುವ ಮೊದಲು ಅವರನ್ನು ಕೇಳಿ.

ಬೆಲೆ ನೋಡುವಾಗ ದೊಡ್ಡ ಅಂಕಿ ಬಿಟ್ಟು, ಶೆಲ್ಫಿನ ಚೀಟಿಯಲ್ಲಿರುವ ಒಂದು ಔನ್ಸ್‌ನ ಬೆಲೆ ನೋಡಿ. 12 ಡಾಲರ್‌ಗೆ 20 ಔನ್ಸ್ ಅಂದರೆ ಔನ್ಸ್‌ಗೆ 60 ಸೆಂಟ್. 7 ಡಾಲರ್‌ಗೆ 10 ಔನ್ಸ್ ಅಂದರೆ 70 ಸೆಂಟ್. ಅಗ್ಗ ಅಂತ ಎತ್ತಿಕೊಂಡ ಸಣ್ಣ ಬಾಟಲಿಯೇ ದುಬಾರಿ ಆಯಿತು, ಅಲ್ವಾ?

ಈಗ ಮನೆಯ ಪರೀಕ್ಷೆ. ನನಗೆ ಅತಿ ಮುಖ್ಯ ಇದೇ. ಎರಡರ ಸಣ್ಣ ಬಾಟಲಿಗಳನ್ನು ತನ್ನಿ. ನಾವು ಎರಡಕ್ಕೂ ಬಿಳಿ ಕಾಗದ ಸುತ್ತಿದೆವು. ನಮ್ಮ ಯಜಮಾನರು ಮೇಲೆ ಒಂದು, ಎರಡು ಅಂತ ಬರೆದರು. ಯಾವುದು ಯಾವುದು ಅಂತ ಅವರೊಬ್ಬರಿಗೇ ಗೊತ್ತು. ಅಮ್ಮನ ಬಲಗಾಲಿಗೆ ಒಂದು, ಎಡಗಾಲಿಗೆ ಎರಡು, ಒಂದು ವಾರ ಪೂರ್ತಿ. ಕಾಲಿಗೆ ಎರಡೆರಡು ಪಂಪ್, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಸ್ನಾನ ಉಗುರುಬೆಚ್ಚಗಿನ ನೀರಲ್ಲಿ. ಟವೆಲಿನಿಂದ ಉಜ್ಜದೆ ಸುಮ್ನೆ ಒತ್ತಿ, ಮೈ ಇನ್ನೂ ಹಸಿ ಇರುವಾಗಲೇ, ಮೂರು ನಿಮಿಷದೊಳಗೆ ಹಚ್ಚಬೇಕು. ಪೂರ್ತಿ ಒಣಗಿದ ಮೇಲೆ ಹಚ್ಚಿದರೆ ಎಂಥ ಲೋಷನ್ ಆದರೂ ಅರ್ಧ ಕೆಲಸವೇ.

ಸಂಜೆ ಅದೇ ಉಗುರಿನ ಗೆರೆ. ಬಿಳಿ ಗೆರೆ ಮೂಡಿತಾ, ಇಲ್ವಾ? ಮೂರನೇ ದಿನದ ಹೊತ್ತಿಗೆ ಎರಡೂ ಕಾಲಿನಲ್ಲಿ ಗೆರೆ ಮೂಡುವುದು ನಿಂತಿತು. ವಾರದ ಕೊನೆಗೂ ವ್ಯತ್ಯಾಸ ಕಾಣಲಿಲ್ಲ. ಎರಡನೆಯದು ಸ್ವಲ್ಪ ಅಂಟು, ಲಂಗ ಕಾಲಿಗೆ ಅಂಟಿಕೊಳ್ಳುತ್ತದೆ ಅಂತ ಅಮ್ಮ ಹೇಳಿದರು. ಕಾಗದ ಬಿಚ್ಚಿದರೆ ಅಂಟು ಅಂದಿದ್ದು ಅಂಗಡಿಯದ್ದು. ಅಮ್ಮ ಅದನ್ನು ರಾತ್ರಿಗೆ ಇಟ್ಟುಕೊಂಡರು. ಬಿರುಕಿಗೆ ಮಾತ್ರ ಎರಡೂ ಸಾಲಲಿಲ್ಲ. ಹಿಮ್ಮಡಿಗೆ ಗಟ್ಟಿ ಪೆಟ್ರೊಲಿಯಂ ಜೆಲ್ಲಿ ಹಚ್ಚಿ ಕಾಲುಚೀಲ ಹಾಕಿ ಮಲಗಿಸಿದೆ. ಜೆಲ್ಲಿಯಲ್ಲಿ ನಾನು ಹೆಸರು ನೋಡುವುದೇ ಇಲ್ಲ. ಪಟ್ಟಿಯಲ್ಲಿ ಪೆಟ್ರೊಲೇಟಮ್ ಅಂತ ಒಂದೇ ಹೆಸರಿದ್ದರೆ ಸಾಕು. ಬಿರುಕಿನಿಂದ ರಕ್ತ ಬರುತ್ತಿದ್ದರೆ ಅಥವಾ ಸಕ್ಕರೆ ಕಾಯಿಲೆ ಇದ್ದರೆ ಈ ಪ್ರಯೋಗ ಮಾಡಬೇಡಿ, ಡಾಕ್ಟರ್‌ಗೆ ತೋರಿಸಿ.

ಅಂಗಡಿಯದ್ದರ ಪರವಾಗಿ ಒಂದು ಮಾತು ಹೇಳಲೇಬೇಕು. ದುಬಾರಿ ಬಾಟಲಿ ಇದ್ದಾಗ ಅಮ್ಮ ಬಟಾಣಿ ಕಾಳಿನಷ್ಟು ತಗೊಂಡು ಎರಡೂ ಕೈಗೆ ಎಳೆಯುತ್ತಿದ್ದರು. ಎಷ್ಟು ಹೇಳಿದರೂ ಅಷ್ಟೇ. ಅಗ್ಗದ್ದು ಬಂದ ಮೇಲೆ ಕೈ ತುಂಬ ತಗೊಂಡರು, ಪಾತ್ರೆ ತೊಳೆದಾಗಲೆಲ್ಲ ಹಚ್ಚಿಕೊಂಡರು. ಇಲ್ಲಿನ ಚಳಿಗೆ ಬೇಕಿದ್ದದ್ದು ಅದೇ.

ಒಮ್ಮೆ ಒಪ್ಪಿದ ಮೇಲೂ ಪ್ರತಿ ಸಲ ತರುವಾಗ ಪಟ್ಟಿ ನೋಡಿ. ತಯಾರಕರು ಬದಲಾಗಬಹುದು, ಪದಾರ್ಥವೂ ಬದಲಾಗಬಹುದು. ಹಳೆ ಫೋಟೊ ಫೋನಿನಲ್ಲಿ ಇದ್ದರೆ ಒಂದು ನಿಮಿಷದ ಕೆಲಸ. ಪಂಪನ್ನೂ ಪರೀಕ್ಷಿಸಿ. ನಾನು ತಂದ ಒಂದು ಬಾಟಲಿಯ ಪಂಪ್ ಕಾಲು ಭಾಗ ಲೋಷನ್ ಉಳಿದಿರುವಾಗಲೇ ಬರೀ ಗಾಳಿ ಬಿಡೋಕೆ ಶುರು ಮಾಡಿತು. ಹಾಗಾದರೆ ಬಾಟಲಿಯನ್ನು ಸೊಂಟದಲ್ಲಿ ಕತ್ತರಿಸಿ, ಚಮಚದಿಂದ ಕೆರೆದು ಮುಚ್ಚಳ ಇರುವ ಡಬ್ಬಿಗೆ ಹಾಕಿಡಿ. ನಮಗೆ ಅದರಲ್ಲೇ ಇನ್ನೊಂದು ವಾರ ಬಂತು.