ಸುರತ್ಕಲ್‌ನ ಟೆರೇಸಿನಿಂದ ಉಪಗ್ರಹದ ಅಳತೆ ಪರೀಕ್ಷಿಸುವುದು

ನಮ್ಮ ಟೆರೇಸಿನಲ್ಲಿ ಒಂದು ಸ್ಪೆಕ್ಟ್ರೋಮೀಟರ್ ಉಂಟು, ಬೆಳಕನ್ನು ಬಣ್ಣಗಳಾಗಿ ಬಿಡಿಸಿ ಅಳೆಯುವ ಉಪಕರಣ. ಸೂರ್ಯನನ್ನೇ ನೋಡುತ್ತಾ, ತಲೆಯ ಮೇಲಿನ ಇಡೀ ಗಾಳಿಯ ಕಂಬದಲ್ಲಿ ನೈಟ್ರೋಜನ್ ಡೈಆಕ್ಸೈಡ್ ಎಂಬ ಹೊಗೆಯ ಅನಿಲ ಎಷ್ಟಿದೆ ಎಂದು ಅದು ಅಳೆಯುತ್ತದೆ. ಸೆಂಟಿನೆಲ್-5ಪಿ ಉಪಗ್ರಹದ ಟ್ರೊಪೊಮಿ ಉಪಕರಣ ಇದನ್ನೇ ಮೇಲಿನಿಂದ ಅಳೆಯುತ್ತದೆ. ಎರಡೂ ತಾಳೆಯಾಗದಿದ್ದರೆ ತಪ್ಪು ಯಾರದ್ದು ಅಂತ ಹುಡುಕಲು ಹೊರಡಬೇಡಿ. ಎರಡೂ ಒಂದೇ ಗಾಳಿಯನ್ನು ನೋಡಿದವಾ ಅಂತ ಮೊದಲು ನೋಡಿ.

ಗಡಿಯಾರದಿಂದ ಶುರು ಮಾಡಿ. ಉಪಗ್ರಹ ಮಧ್ಯಾಹ್ನ 1:30ಕ್ಕೆ ಬರುತ್ತದೆ ಅಂತ ಬರೆದಿರುತ್ತಾರೆ. ಅದು ಸೂರ್ಯನ ಸಮಯ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ಸುರತ್ಕಲ್ ಇರುವುದು 74.8ರಲ್ಲಿ. ಡಿಗ್ರಿಗೆ 4 ನಿಮಿಷದಂತೆ ಅರ್ಧ ಗಂಟೆ ವ್ಯತ್ಯಾಸ. ಅಂದರೆ ನಮಗೆ ಅದು 2 ಗಂಟೆಯ ಆಚೀಚೆ. ಇದನ್ನು ಗಮನಿಸದೆ ಒಂದಿಡೀ ಜನವರಿಯ ಹೋಲಿಕೆಯನ್ನು ನಾನು ಮತ್ತೆ ಮಾಡಬೇಕಾಯಿತು. ಉಪಗ್ರಹದ ಹಾದಿ ದಿನವೂ ಬದಲಾಗುವುದರಿಂದ ಅಂದಾಜು ಸಾಲದು. ಉಪಗ್ರಹದ ದತ್ತಾಂಶದ ಫೈಲಿನಲ್ಲಿರುವ ಯುಟಿಸಿ (ಜಾಗತಿಕ ಪ್ರಮಾಣ) ಸಮಯಕ್ಕೆ 5:30 ಕೂಡಿಸಿ. ಅದರ ಹಿಂದೆ ಮುಂದೆ ಅರ್ಧ ಗಂಟೆಯ ನಿಮ್ಮ ಅಳತೆಗಳ ಸರಾಸರಿ ತೆಗೆಯಿರಿ.

ನಂತರ ಜಾಗ. 2019ರ ಆಗಸ್ಟ್‌ನಿಂದ ಉಪಗ್ರಹದ ಒಂದು ಪಿಕ್ಸೆಲ್ ನೇರ ಕೆಳಗೆ ಸುಮಾರು 3.5 × 5.5 ಕಿಲೋಮೀಟರ್, ಅಂಚಿನ ಕಡೆ ಇನ್ನೂ ಅಗಲ. ಒಂದು ದಿನ ಅದರ ಅರ್ಧ ಭಾಗ ಕಡಲ ಮೇಲಿರುತ್ತದೆ. ಮರುದಿನ ಬೈಕಂಪಾಡಿಯ ಕಾರ್ಖಾನೆಗಳೂ ಒಳಗೆ ಬರುತ್ತವೆ. ಹಾಗಾಗಿ ನಡುಬಿಂದು ಮಾತ್ರ ಅಲ್ಲ, ನಾಲ್ಕೂ ಮೂಲೆ ನೋಡಿ. ಆ ಹೊತ್ತಿಗೆ ಕಡಲಗಾಳಿ ಹೊಗೆಯನ್ನು ಪೂರ್ವಕ್ಕೆ ತಳ್ಳುತ್ತಿರುತ್ತದೆ. ನಮ್ಮ ಟೆರೇಸಿನ ಮೇಲೆ ಕಡಿಮೆ, ಪಿಕ್ಸೆಲ್‌ನಲ್ಲಿ ಜಾಸ್ತಿ. ಎರಡೂ ಸರಿಯೇ.

ಉಪಗ್ರಹದ ಪ್ರತಿ ಪಿಕ್ಸೆಲ್‌ಗೆ ಫೈಲಿನಲ್ಲಿ ಗುಣಮಟ್ಟದ ಅಂಕ ಇರುತ್ತದೆ, ಅದು 0.75 ದಾಟಿದ್ದನ್ನು ಮಾತ್ರ ಇಟ್ಟುಕೊಳ್ಳಿ. ಮಳೆಗಾಲದ ಮೋಡದಲ್ಲಿ ವಾರಗಟ್ಟಲೆ ಏನೂ ಸಿಗದಿರಬಹುದು. ಖಾಲಿ ಇದೆ ಅಂತ ಸುಮ್ನೆ ಮಿತಿ ಇಳಿಸಬೇಡಿ.

ಸೂರ್ಯನನ್ನು ನೋಡುವ ಉಪಕರಣಕ್ಕೆ ಮೇಲಿನ ಸ್ತರಗೋಳದ ಅನಿಲವೂ ಸಿಗುತ್ತದೆ. ಹಾಗಾಗಿ ಉಪಗ್ರಹದ ಒಟ್ಟು ಕಂಬದ ಜೊತೆಗೇ ಹೋಲಿಸಿ, ಕೆಳಪದರದ ಅಂಕಿಯ ಜೊತೆ ಅಲ್ಲ. ಚದರ ಮೀಟರಿಗೆ ಮೋಲ್ ಎಂದಿದ್ದರೆ 6.022 × 10¹⁹ರಿಂದ ಗುಣಿಸಿ, ಚದರ ಸೆಂಟಿಮೀಟರಿಗೆ ಎಷ್ಟು ಅಣು ಅಂತ ಸಿಗುತ್ತದೆ.

ಇಷ್ಟಾದ ಮೇಲೂ ಹೊಗೆ ಜಾಸ್ತಿ ಇರುವ ದಿನ ಉಪಗ್ರಹ ಕಡಿಮೆ ತೋರಿಸಬಹುದು. ಅನಿಲ ಯಾವ ಎತ್ತರದಲ್ಲಿ ಎಷ್ಟಿದೆ ಎಂಬುದನ್ನು ಅದು ಒಂದು ಕಂಪ್ಯೂಟರ್ ಮಾದರಿಯಿಂದ ಎರವಲು ಪಡೆಯುತ್ತದೆ. ಆ ಮಾದರಿಯ ಒಂದು ಚೌಕ 1 ಡಿಗ್ರಿ. ಸುರತ್ಕಲ್‌ನಿಂದ ನೇರ ಪೂರ್ವಕ್ಕೆ ಅಷ್ಟು ದೂರ ಹೋದರೆ ಘಟ್ಟ ಹತ್ತಿ ಸಕಲೇಶಪುರದ ಹತ್ತಿರ ಇರುತ್ತೇವೆ! ಕಾಡು, ಕಾಫಿ ತೋಟ, ಬಂದರಿನ ಹೊಗೆ ಎಲ್ಲಾ ಒಂದೇ ಸರಾಸರಿ. ನೆಲಕ್ಕೆ ಹತ್ತಿರದ ನಮ್ಮ ಹೊಗೆ ಅದರಲ್ಲಿ ತೆಳುವಾಗಿಬಿಡುತ್ತದೆ. ಇದಕ್ಕಾಗಿಯೇ ಫೈಲಿನಲ್ಲಿ ಆವರೇಜಿಂಗ್ ಕರ್ನಲ್, ಅಂದರೆ ಯಾವ ಎತ್ತರದ ಅನಿಲ ಉಪಗ್ರಹಕ್ಕೆ ಎಷ್ಟು ಕಾಣುತ್ತದೆ ಎಂಬ ಅಂಕಿಗಳನ್ನು ಕೊಟ್ಟಿರುತ್ತಾರೆ. ಹೆಚ್ಚು ಸೂಕ್ಷ್ಮ ಮಾದರಿ ಸಿಕ್ಕರೆ ಅದನ್ನೂ ಈ ಕರ್ನಲ್ಲನ್ನೂ ಬಳಸಿ ಲೆಕ್ಕ ಮತ್ತೆ ಮಾಡಿ.

ಒಂದೆರಡು ದಿನದ ಹೋಲಿಕೆ ಏನೂ ಹೇಳುವುದಿಲ್ಲ. ಡಿಸೆಂಬರ್‌ನಿಂದ ಮಾರ್ಚ್ ತನಕ ಅಳೆಯಿರಿ. ವ್ಯತ್ಯಾಸಗಳ ಮಧ್ಯಾಂಕ, ಹರವು ಎರಡನ್ನೂ ಬರೆದಿಡಿ, ಪಕ್ಕದಲ್ಲೇ ಗಾಳಿಯ ದಿಕ್ಕು. ದಿನಾ ಬೆಳಿಗ್ಗೆ ಉಪಕರಣದ ಗಾಜು ಒರೆಸಿ. ಕಡಲ ಉಪ್ಪು ಕೂತರೆ ಬೆಳಕು ಕಮ್ಮಿಯಾಗಿ ಅಳತೆ ಅಲುಗಾಡುತ್ತದೆ.