ಪಿಪಿಎಫ್ ಮೇಲಿನ ಗೀರು ಬಿಸಿನೀರಿಗೆ ಮಾಯವಾಗೋದು ಹೇಗೆ?

ಕಾರಿಗೆ ಪಿಪಿಎಫ್ (ಪೇಂಟ್ ಪ್ರೊಟೆಕ್ಷನ್ ಫಿಲ್ಮ್, ಅಂದರೆ ಬಣ್ಣ ಕಾಪಾಡಲು ಮೇಲೆ ಅಂಟಿಸುವ ಪ್ಲಾಸ್ಟಿಕ್ ಹಾಳೆ) ಹಾಕಿಸಿದ್ದೀರಿ. ಬೆಳಿಗ್ಗೆ ಯಾರೋ ಒಣ ಬಟ್ಟೆಯಲ್ಲಿ ಧೂಳು ಒರೆಸಿ ಹೋಗಿದ್ದಾರೆ, ಬಿಸಿಲು ಬಿದ್ದ ತಕ್ಷಣ ಬಾನೆಟ್ ತುಂಬಾ ಜೇಡರ ಬಲೆಯಂಥ ಸಣ್ಣ ಗೀರುಗಳು. ಪಾಲಿಶ್ ಮಾಡಿಸಲು ಓಡಬೇಡಿ.

ಮೊದಲು ಕಾರನ್ನು ಚೆನ್ನಾಗಿ ತೊಳೆಯಿರಿ. ಮರಳಿನ ಕಣ ಉಳಿದರೆ ಆಮೇಲೆ ಒರೆಸುವಾಗ ಹೊಸ ಗೀರು ಗ್ಯಾರಂಟಿ. ಈಗ ಗೀರಿಗೆ ಅಡ್ಡಲಾಗಿ ಉಗುರನ್ನು ಮೆಲ್ಲಗೆ ಆಡಿಸಿ. ಜಾರಿ ಹೋದರೆ ಗೀರು ಮೇಲ್ಪದರದಲ್ಲೇ ಇದೆ, ವಾಸಿಯಾಗುತ್ತೆ. ಉಗುರು ಸಿಕ್ಕಿಕೊಂಡರೆ ಫಿಲ್ಮೇ ಕುಯ್ದಿದೆ ಅಂತ ಅರ್ಥ, ಎಷ್ಟು ಬಿಸಿ ಮಾಡಿದರೂ ಅದು ಕೂಡಲ್ಲ.

ನೀರು ಕುದಿಯೋದು ಬೇಡ, ಸುಮಾರು 60 ಡಿಗ್ರಿ ಸಾಕು. ಅದೂ ಕೈ ಸುಡುತ್ತೆ, ಹುಷಾರು. ಚೊಂಬಿನಲ್ಲಿ ತಗೊಂಡು ಗೀರಿನ ಮೇಲೆ ನಿಧಾನವಾಗಿ ಸುರಿಯುತ್ತಾ ಹೋಗಿ. ನೋಡುತ್ತಿದ್ದ ಹಾಗೇ ಗೆರೆ ತೆಳ್ಳಗಾಗಿ ಕಾಣದಂತಾಗುತ್ತೆ. ಮಧ್ಯಾಹ್ನದ ಬಿಸಿಲಲ್ಲಿ ನಿಲ್ಲಿಸಿದರೂ ಆಗುತ್ತೆ, ಹೊತ್ತು ಜಾಸ್ತಿ ಬೇಕು ಅಷ್ಟೆ.

ಯಾಕೆ ಹೀಗೆ? ಸಣ್ಣ ಗೀರಿನಲ್ಲಿ ಪ್ಲಾಸ್ಟಿಕ್ ಕಿತ್ತು ಹೋಗಿರಲ್ಲ, ಪಕ್ಕಕ್ಕೆ ಸರಿದಿರುತ್ತೆ. ಚೆನ್ನಾಗಿ ನಾದಿದ ಮೈದಾ ಹಿಟ್ಟಿಗೆ ಬೆರಳು ಒತ್ತಿ ತೆಗೆದರೆ ಕುಳಿ ಮೆಲ್ಲಗೆ ಮೇಲೆ ಬರುತ್ತೆ ಅಲ್ವಾ, ಹಾಗೆ. ಮೇಲ್ಪದರದ ಉದ್ದುದ್ದ ಅಣುಸರಪಳಿಗಳು ಅಲ್ಲಲ್ಲಿ ಒಂದಕ್ಕೊಂದು ಗಂಟು ಬಿದ್ದಿರುತ್ತವೆ. ತಣ್ಣಗಿದ್ದಾಗ ತಳ್ಳಿದ ಜಾಗದಲ್ಲೇ ಬಿಗಿಯಾಗಿ ನಿಲ್ಲುತ್ತವೆ, ಬಿಸಿ ತಾಗಿದರೆ ಸಡಿಲವಾಗಿ ಅಲುಗಾಡಿ, ಆ ಗಂಟುಗಳು ಎಳೆದ ಹಾಗೆ ಮೊದಲಿನ ಜಾಗಕ್ಕೆ ಬರುತ್ತವೆ.

ಬಿರುಕು ಬಿಟ್ಟಿದ್ದೇ ಕೂಡಬೇಕು ಅಂದರೆ ಬೇರೆ ಉಪಾಯ ಬೇಕು. 2001ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಸ್ಕಾಟ್ ವೈಟ್ ಮತ್ತು ತಂಡದವರು ಎಪಾಕ್ಸಿ ರೆಸಿನ್ (ಗಟ್ಟಿಯಾಗುವ ಒಂದು ಬಗೆಯ ಪ್ಲಾಸ್ಟಿಕ್) ಒಳಗೆ ದ್ರವ ತುಂಬಿದ ಪುಟಾಣಿ ಗುಳಿಗೆಗಳನ್ನೂ, ಆ ದ್ರವವನ್ನು ಗಟ್ಟಿಯಾಗಿಸುವ ಕ್ಯಾಟಲಿಸ್ಟ್ ಪುಡಿಯನ್ನೂ ಬೆರೆಸಿದರು. ಬಿರುಕು ಗುಳಿಗೆಯನ್ನು ಸೀಳಿದಾಗ ದ್ರವ ಒಳಗೆ ಹರಿದು, ಕ್ಯಾಟಲಿಸ್ಟ್ ತಾಗಿ ಗಟ್ಟಿಯಾಯಿತು. ಬಿರುಕು ತಡೆಯುವ ಶಕ್ತಿ ಶೇ. 75ರವರೆಗೂ ವಾಪಸ್ ಬಂತು! ಆದರೆ ಗುಳಿಗೆ ಒಮ್ಮೆ ಒಡೆದರೆ ಮುಗಿಯಿತು, ಅದೇ ಜಾಗಕ್ಕೆ ಎರಡನೇ ಸಲ ಇಲ್ಲ. ಪಿಪಿಎಫ್‌ನಲ್ಲಿ ಆ ತೊಂದರೆ ಇಲ್ಲ, ಮೇಲ್ಪದರ ಚೆನ್ನಾಗಿರುವಷ್ಟು ದಿನ ಮತ್ತೆ ಮತ್ತೆ ಮಾಡಬಹುದು.

ಹೇರ್ ಡ್ರೈಯರ್ ಹಿಡಿಯುವವರು ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಾ ಇರಿ. ಹೀಟ್ ಗನ್ ಮಾತ್ರ ದಯವಿಟ್ಟು ಬೇಡ, ಫಿಲ್ಮ್ ಸುಟ್ಟು ಸುಕ್ಕಾದರೆ ಅದನ್ನು ಕಿತ್ತು ಹೊಸದು ಹಾಕಿಸಬೇಕಾಗುತ್ತೆ.