ದಾನಿಗಳಿಗೆ ಕಳಿಸುವ ವಿಡಿಯೊಗೆ ಒಬ್ಬ ಅಜ್ಜಿ ಸಾಕು

ಪಾವಗಡದ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ನಮ್ಮದು ಹಳ್ಳಿಗಳಲ್ಲಿ ಶುದ್ಧ ನೀರಿನ ಘಟಕ ನಡೆಸುವ ಸಣ್ಣ ಸಂಸ್ಥೆ. ಮೊದಲ ವಿಡಿಯೊದಲ್ಲಿ ಭಾಷಣ, ಟೇಪು ಕತ್ತರಿಸಿದ್ದು, ಅಂಕಿಅಂಶ ಎಲ್ಲ ಇತ್ತು. ಒಬ್ಬ ದಾನಿಯೂ ಫೋನ್ ಮಾಡಲಿಲ್ಲ.

ಎರಡನೆಯದಕ್ಕೆ ಒಬ್ಬ ಅಜ್ಜಿಯ ಮನೆಗೆ ಹೋದೆ. ನೀವೂ ಬೆಳಿಗ್ಗೆಯೇ ಹೋಗಿ, ಎಳೆಬಿಸಿಲಲ್ಲಿ ಮುಖ ಚೆನ್ನಾಗಿ ಕಾಣುತ್ತೆ. ಮೊಬೈಲ್ ತೆಗೆಯುವ ಮುಂಚೆ ಜಗಲಿ ಮೇಲೆ ಕೂತು ಮಾತಾಡಿ, ಇದನ್ನು ಯಾರು ನೋಡುತ್ತಾರೆ ಅಂತ ತಿಳಿಸಿ ಒಪ್ಪಿಗೆ ಪಡೆಯಿರಿ. ‘ನೀರಿನ ಸಮಸ್ಯೆ ಹೇಳಿ’ ಅನ್ನಬೇಡಿ. ‘ಬೆಳಿಗ್ಗೆ ಎದ್ದು ಏನ್ ಮಾಡ್ತೀರಜ್ಜಿ?’ ಅನ್ನಿ. ‘ಕುದಿಸಿದ್ರೆ ಸರಿಹೋಗುತ್ತೆ ಅಂತ ಇಷ್ಟ್ ವರ್ಷ ಕುದಿಸ್ದೆ ಕಣಪ್ಪ’ ಅಂದರು ಆ ಅಜ್ಜಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ವಿಡಿಯೊ ಅಲ್ಲಿಂದಲೇ ಶುರು ಮಾಡಿದೆ.

ಫ್ಲೋರೈಡ್‌ನಿಂದ ಕಲೆಗಟ್ಟಿದ ಮಕ್ಕಳ ಹಲ್ಲನ್ನು ಮಾತ್ರ ದಯವಿಟ್ಟು ತೋರಿಸಬೇಡಿ. ನಾಳೆ ಅವರು ಶಾಲೆಗೆ ಹೋಗಬೇಕು.

ಕಾಲರ್ ಮೈಕ್ ಇರಲಿ, 2 ನಿಮಿಷ ಮೀರದಿರಲಿ, ಮಾತನ್ನು ಕೆಳಗೆ ಅಕ್ಷರದಲ್ಲೂ ಹಾಕಿ. ಕೊನೆಗೆ ಒಂದೇ ಕೋರಿಕೆ: ಘಟಕದಲ್ಲಿ ನೀರು ಸೋಸುವ ಪೊರೆ (ಮೆಂಬ್ರೇನ್) ಬದಲಿಸಲು ಎಷ್ಟು ಹಣ ಬೇಕು ಅಂತ. ದಾನಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಸಿಗುವ ರಶೀದಿ ಕೊಡುವಂತಿದ್ದರೆ ಅದನ್ನೂ ಹೇಳಿ. ಹಣ ಬಂದು ಕೆಲಸ ಮುಗಿದ ಮೇಲೆ ಅದೇ ಅಜ್ಜಿ ಕ್ಯಾನ್ ತುಂಬಿಸುವುದನ್ನು ಚಿತ್ರೀಕರಿಸಿ, ಕೊಟ್ಟವರಿಗೆಲ್ಲ ಕಳಿಸಿ.